ನನ್ನನ್ನು ಅರೆಸ್ಟ್ ಮಾಡಿದ ವರ

ಬನಶಂಕರಿಯಲ್ಲಿ ಹೆಣ್ಣು-ಗಂಡು ನೋಡಿ ಮದುವೆ ಕುದುರಿಸೋದು ನನ್ನ ಕಸುಬು. ಮೊನ್ನೆ ಒಂದು ವಿಡಿಯೋ ಕಾಲ್ ಬಂತು. ಖಾಕಿ ಹಾಕಿಕೊಂಡ ಹುಡುಗ, ಮೂವತ್ತರ ಆಸುಪಾಸು, ಮುಖದ ತುಂಬ ಕೋಪ.

“ಮೇಡಂ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ. ನೀವೀಗ ಡಿಜಿಟಲ್ ಅರೆಸ್ಟ್. ಕೇಸ್ ಮುಗೀಬೇಕಂದ್ರೆ ತಕ್ಷಣ ದುಡ್ಡು ಹಾಕಿ.”

ಫೋನಲ್ಲಿ ಅರೆಸ್ಟ್ ಮಾಡೋ ಪೊಲೀಸರು ಎಲ್ಲೂ ಇಲ್ಲ ಅಂತ ನನಗೆ ಗೊತ್ತಿತ್ತು. ಕಟ್ ಮಾಡಬಹುದಿತ್ತು. ಆದರೆ ಹುಡುಗ ಲಕ್ಷಣವಾಗಿದ್ದ, ಕಸುಬಿನ ಚಾಳಿ ಬಿಡಲಿಲ್ಲ.

“ಆಯ್ತಪ್ಪಾ. ನಿಂಗೆ ಮದುವೆ ಆಗಿದ್ಯಾ?”

“ಮೇಡಂ, ಇದು ಸೀರಿಯಸ್ ಮ್ಯಾಟರ್!”

“ಮದುವೆಗಿಂತ ಸೀರಿಯಸ್ಸಾ? ಜಾತಕ ಹೇಗಿದೆ ಹೇಳು.”

ಹುಡುಗ ಕ್ಯಾಪ್ ತೆಗೆದು, ದನಿ ತಗ್ಗಿಸಿ, “ಕುಜದೋಷ ಇದೆ ಆಂಟಿ. ಎಲ್ಲೂ ಕೂಡಿಬರ್ತಿಲ್ಲ” ಅಂದ.

“ಪುಟ್ಟೇನಹಳ್ಳಿಯಲ್ಲಿ ಅಂಥದೇ ಜಾತಕದ ಹುಡುಗಿ ಇದ್ದಾಳೆ.”

“ಫೋಟೋ ಕಳಿಸಿ ಆಂಟಿ!”

“ಕಳಿಸ್ತೀನಿ. ಮೊದಲು ರಿಜಿಸ್ಟ್ರೇಷನ್ ಫೀಸ್ ಹಾಕು.”

ಕ್ಯಾಪ್ ಮತ್ತೆ ತಲೆಗೇರಿತು. “ಗುರುತು ಪರಿಚಯ ಇಲ್ಲ, ಆಗಲೇ ದುಡ್ಡು ಹಾಕು ಅಂತೀರಾ? ಇಂಥ ಫ್ರಾಡ್‌ಗಳನ್ನ ಎಷ್ಟು ನೋಡಿಲ್ಲ ನಾನು!”

ಕಾಲ್ ಕಟ್ಟಾಯ್ತು. ನನ್ನ ಅರೆಸ್ಟ್ ಇನ್ನೂ ಇದೆಯೋ ರದ್ದಾಯ್ತೋ ಕೇಳೋಣ ಅಂದ್ರೆ, ಬ್ಲಾಕ್ ಮಾಡಿದ್ದಾನೆ.