ಯಾರ ಕಾರಿನಲ್ಲಿ ಯಾರು ಬಂದರು?

ಸಂಘದ ಆಂಟಿಯೊಬ್ಬರ ಕಾರಿನಿಂದ ನಾನು ಇಳಿದದ್ದೇ ತಡ, ಬಾರ್ಬೆಕ್ಯೂ ಸುತ್ತ ನಿಂತಿದ್ದ ಅಂಕಲ್‌ಗಳ ಮಾತು ನಿಂತುಹೋಯಿತು. ಎಂಬತ್ತರ ದಶಕದ ಬ್ರಿಸ್ಬೇನಿನಲ್ಲಿ ನಮ್ಮ ಕನ್ನಡ ಸಂಘದ ಚುನಾವಣೆ ಹತ್ತಿರ ಬಂತೆಂದರೆ, ಒಂದೇ ಕಾರಿನಲ್ಲಿ ಬಂದ ಇಬ್ಬರು ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಜೋಡಿಯೇ ಇರಬೇಕು ಅಂತ ಎಲ್ಲರಿಗೂ ಗುಮಾನಿ. ನನ್ನ ಕಾರು ಪಕ್ಕದ ಊರು ಇಪ್ಸ್‌ವಿಚ್‌ನಲ್ಲಿ ಕೆಟ್ಟು ನಿಂತಿದೆ ಎಂದರೆ ಯಾರು ನಂಬಬೇಕು?

ಹಾಲಿ ಅಧ್ಯಕ್ಷರಾದ ಡಾಕ್ಟರ್ ಅಂಕಲ್ ನನ್ನ ಭುಜ ಹಿಡಿದರು. "ಎಷ್ಟು ದಿನದಿಂದ ನಡೀತಿದೆಯೋ ಇದು?"

ನಾನು ಅವರದೇ ಮೂಗಿನ ದನಿಯಲ್ಲಿ, "ವಿಚಾರಣೆ ಆಮೇಲೆ, ಮೊದಲು ಊಟ" ಎಂದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಆಂಟಿಯ ಕಡೆ ತಿರುಗಿ, "ಹಾಗಾದ್ರೆ ನಿಮ್ಮ ಯಜಮಾನ್ರು ನನ್ನ ವಿರುದ್ಧ ನಿಲ್ತಾರೆ, ಈ ಮಂಗ ಅವರ ಉಪಾಧ್ಯಕ್ಷ. ಹೌದು ತಾನೇ?" ಎಂದರು.

ಆಂಟಿ ಡಿಕ್ಕಿಯಿಂದ ಪುಳಿಯೋಗರೆ ಪಾತ್ರೆ ಇಳಿಸುತ್ತಲೇ ಹೇಳಿದರು: "ಅವರು ಡ್ಯೂಟಿಲಿದ್ದಾರೆ. ಕಾರು ಓಡಿಸ್ಕೊಂಡು ಬಂದಿದ್ದು ನಾನಲ್ವಾ ಡಾಕ್ಟ್ರೇ? ನಿಲ್ಲೋದೂ ನಾನೇ."

ಡಾಕ್ಟರ್ ಅಂಕಲ್ ಪೆಚ್ಚಾದದ್ದನ್ನು ವರ್ಷಗಟ್ಟಲೆ ನಟಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಆದರೆ ಅವತ್ತು ದಾರಿಯುದ್ದಕ್ಕೂ ಆಂಟಿಯನ್ನು ನಾನು ಕೆದಕಿ ಕೆದಕಿ ಕೇಳಿದ್ದೂ "ನಿಮ್ಮನೆ ಅಂಕಲ್ ಚುನಾವಣೆಗೆ ನಿಲ್ತಾರಾ?" ಅಂತಲೇ. ಅದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿರಲಿಲ್ಲ.