ವಿಭೂತಿ ತುಂಬಿದ ಕಚ್ಚು

ಕೊಟ್ಟೂರಿನಲ್ಲಿ ನಮ್ಮ ಮಾವನ ವರ್ಕ್‌ಶಾಪು ಮನೆಗೆ ಅಂಟಿಕೊಂಡೇ ಇತ್ತು. ಎಪ್ಪತ್ತರ ದಶಕದ ಕೊನೆಗೆ ನಾನು ಸೊಸೆಯಾಗಿ ಬಂದಾಗ ಗೋಡೆಯ ಆಚೆ ಅವರ ಸುತ್ತಿಗೆಯ ಪೆಟ್ಟು, ಈಚೆ ನನ್ನ ರೊಟ್ಟಿ ಬಡಿತ. ಯಾರದು ಜೋರು ಅಂತ ಗಂಡ ಚೇಷ್ಟೆ ಮಾಡುತ್ತಿದ್ದ. ಅವನಿಗೆ ಆಗಿನ್ನೂ ನನ್ನ ಬಾಯಿಯ ಪರಿಚಯ ಆಗಿರಲಿಲ್ಲ.

ಮಾವ ಅಲ್ಲಿಯವರೆಗೆ ಮರದ ಕೂರಿಗೆ ಮಾಡುತ್ತಿದ್ದವರು, ಆ ವರ್ಷ ಮೊದಲ ಸಲ ಬಿತ್ತನೆಗೆ ಕಬ್ಬಿಣದ ಕೂರಿಗೆ ಮಾಡಲು ಕೈಹಾಕಿದ್ದರು. ಕಬ್ಬಿಣ ಭೂಮಿತಾಯಿಗೆ ಆಗಿಬರುವುದಿಲ್ಲ ಅಂತ ಸಂತೆಯಲ್ಲಿ ಮುದುಕರು ಮೂಗು ಮುರಿಯುತ್ತಿದ್ದರು. ಮಾವ ಅದಕ್ಕೆಲ್ಲ ಜಗ್ಗುವವರಲ್ಲ. ಆದರೆ ಲಿಂಗಪೂಜೆ ಆಗದೆ ಕುಲುಮೆಗೆ ಬೆಂಕಿ ಹಾಕುತ್ತಿರಲಿಲ್ಲ, ಸೋಮವಾರವಂತೂ ಸಾಮಾನನ್ನೇ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣ ದುಡಿಯದ ದಿನ ತಾವು ದುಡಿಯುವುದು ಅಧಿಕಪ್ರಸಂಗ ಅಂತ ಅವರ ನಂಬಿಕೆ. ಹಡಗಲಿಯ ದೊಡ್ಡ ರೈತರೊಬ್ಬರು ಸೋಮವಾರ ಬಂದು ಒಂದೇ ಒಂದು ಬೋಲ್ಟ್ ಬಿಗಿ ಮಾಡಿಕೊಡಿ ಅಂದಾಗ ಮಜ್ಜಿಗೆ ಕುಡಿಸಿ ವಾಪಸು ಕಳಿಸಿದ್ದರು.

ಮಾವನ ಕಣ್ಣು ಮಂದ. ಅಳತೆಯೆಲ್ಲ ಒಂದು ಜಾಲಿ ಕೋಲಿನಲ್ಲಿ. ಅದರ ಮೇಲೆ ಮೂರು ಕಚ್ಚು ಕೊರೆದಿದ್ದರು. ತುದಿಯಿಂದ ಒಳಗೆ ಹೆಬ್ಬೆರಳ ಉಗುರು ಜಾರಿಸಿದರೆ ಮೊದಲು ತಾಗುವುದು ಜೋಳದ ಸಾಲಿನ ಅಂತರ, ಆಮೇಲೆ ಸಜ್ಜೆಯದು, ಕೊನೆಗೆ ಶೇಂಗಾದ್ದು. ಕೋಲಿನ ಬುಡದಿಂದ ಉಗುರು ನಿಂತಲ್ಲಿಯವರೆಗೆ ಅಳತೆ; ಉಗುರು ಒಳಗೆ ಹೋದಷ್ಟೂ ಸಾಲು ಇಕ್ಕಟ್ಟು. ನನ್ನ ಗಂಡ ಟೇಪು ತಂದುಕೊಟ್ಟರೆ ಅವನ ಮುಖ ನೋಡಿ ನಗುತ್ತಿದ್ದರು.

ಮಹಾನವಮಿಗೆ ಸಾಮಾನುಗಳಿಗೆ ವಿಭೂತಿ ಹಚ್ಚುವ ಕೆಲಸ ಹೊಸ ಸೊಸೆಗೆ ಬಂತು. ನನಗೋ ಎಲ್ಲರ ಮುಂದೆ ಭಕ್ತಿ ತೋರಿಸುವ ಹುರುಪು. ವಿಭೂತಿಯನ್ನು ಗಟ್ಟಿಯಾಗಿ ಕಲಸಿ ಸುತ್ತಿಗೆಗೆ, ಇಕ್ಕಳಕ್ಕೆ, ಅಳತೆಕೋಲಿನ ತುದಿಗೆ ದಪ್ಪ ದಪ್ಪ ಮೂರು ಪಟ್ಟೆ ಎಳೆದೆ. ಅತ್ತೆ ನೋಡಿ ಮೆಚ್ಚಿಕೊಂಡರು, ನಾನು ಉಬ್ಬಿಹೋದೆ.

ಹಬ್ಬ ಮುಗಿದ ಮೇಲೆ ತಯಾರಾದ ಐದು ಕೂರಿಗೆ ತೆಲಿಗಿಗೆ ಹೋದವು. ಅಲ್ಲಿಯ ರೈತರು ಹಿಂಗಾರಿ ಜೋಳ ಬಿತ್ತಲು ಮಳೆ ಕಾಯುತ್ತಿದ್ದರು. ಭಾನುವಾರ ಮಧ್ಯಾಹ್ನ ಮಳೆ ಹದವಾಗಿ ಬಿತ್ತು. ಸಂಜೆ ನಾನು ಸೋಮವಾರದ ಪೂಜೆಗೆಂದು ಸಾಮಾನು ಒರೆಸುತ್ತಿದ್ದೆ. ಅಳತೆಕೋಲಿನಿಂದ ಒಣಗಿದ ವಿಭೂತಿಯ ಚಕ್ಕೆ ಉದುರಿತು. ಅದರ ಕೆಳಗೆ ಒಂದು ಕಚ್ಚು ಕಂಡಿತು.

ನಾನು ಹಂಪಸಾಗರದ ರೈತರ ಮಗಳು, ಏನಾಗಿದೆ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಜೋಳದ ಕಚ್ಚು ವಿಭೂತಿಯಿಂದ ತುಂಬಿ, ಮಾವನ ಉಗುರು ಅದರ ಮೇಲೆ ಜಾರಿ ಸಜ್ಜೆಯ ಕಚ್ಚಿಗೆ ನಿಂತಿದೆ. ಐದೂ ಕೂರಿಗೆಯ ಸಾಲು ಎರಡು ಬೆರಳು ಇಕ್ಕಟ್ಟು. ಬಿತ್ತುವಾಗ ಯಾರಿಗೂ ಗೊತ್ತಾಗುವುದಿಲ್ಲ. ಪೈರೆದ್ದ ಮೇಲೆ ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆದಾಗ ಅದರ ಅಲಗು ಜೋಳವನ್ನೇ ಕೊಯ್ದು ಹಾಕುತ್ತದೆ. ಐದು ಮನೆಯ ಬೆಳೆ ಹೋದರೆ ಕಬ್ಬಿಣದ ಕೂರಿಗೆ ಅಲ್ಲಿಗೇ ಮುಗಿಯಿತು, ನಮ್ಮ ವರ್ಕ್‌ಶಾಪೂ ಮುಗಿಯಿತು. ಸೊಸೆಯ ಕಾಲ್ಗುಣ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಸುಮ್ಮನಿದ್ದುಬಿಡಲೇ ಅಂತ ಯೋಚಿಸಿದ್ದೂ ನಿಜ. ಒಲೆ ಹೊತ್ತಿಸುವಷ್ಟು ಹೊತ್ತು ಯೋಚಿಸಿದೆ, ಆಮೇಲೆ ಹೋಗಿ ಹೇಳಿಬಿಟ್ಟೆ.

ಮಾವ ಕೋಲಿನ ಮೇಲೆ ಉಗುರು ಎರಡು ಸಲ ಜಾರಿಸಿ ನೋಡಿದರು.

“ನಾಳೆ ಸೋಮವಾರ,” ಅಂದರು.

ಕೈಚೆಲ್ಲಿದರು ಅಂದುಕೊಂಡೆ. ಆದರೆ ಗಂಡನಿಗೆ ಅಪ್ಪನ ಮಾತು ಹೊಳೆಯಿತು. “ಹೌದಲ್ಲ. ನಾಳೆ ಯಾರೂ ಎತ್ತು ಹೂಡಂಗಿಲ್ಲ. ಬಿತ್ತೂದು ಮಂಗಳವಾರ.”

“ಅದಕ್ಕ ನಾಳೆ ಹೋಗೂನು.”

ಅತ್ತೆ ಗಾಬರಿಯಾದರು. “ಸೋಮವಾರ ಸಾಮಾನು ಮುಟ್ಟತೀರೇನ್ರಿ?”

“ರಜಾ ಎತ್ತಿಗೆ ಐತಿ. ನನಗ ಯಾರು ಕೊಟ್ಟಾರ?” ಅಂದ ಮಾವ ನನ್ನ ಕಡೆ ತಿರುಗಿ, “ನೀನೂ ಬಾರವ್ವ, ಕೋಲು ಹಿಡಿಯಾಕ,” ಅಂದರು.

ಬೆಳಿಗ್ಗೆ ಪೂಜೆ ಮುಗಿಸಿ, ಕೈಡ್ರಿಲ್ಲು, ಸ್ಪ್ಯಾನರು ಟೆಂಪೋಗೆ ಹಾಕಿಕೊಂಡು ಹರಪನಹಳ್ಳಿ ದಾಟಿ ತೆಲಿಗಿ ಮುಟ್ಟಿದೆವು. ಮೊದಲ ಮನೆಯಲ್ಲಿ ಎತ್ತುಗಳು ಮೈ ತೊಳೆಸಿಕೊಂಡು ಮೆಲುಕು ಹಾಕುತ್ತ ಮಲಗಿದ್ದವು. ಕೂರಿಗೆ ನಾಳೆಗೆ ಸಿದ್ಧವಾಗಿ ಗೋಡೆಗೆ ಒರಗಿತ್ತು. ಸೋಮವಾರ ನಮ್ಮನ್ನು ಕಂಡು ಮನೆಯ ಹಿರಿಯನಿಗೆ ಆಶ್ಚರ್ಯ. ಮಾವ ಕೈಮುಗಿದು, “ಅಳತಿ ತಪ್ಪೈತಿ. ತಪ್ಪು ನಂದು,” ಅಂದರು.

ಆತ ಒಳಗಿಂದ ತನ್ನ ಎಡೆಕುಂಟೆ ತಂದು ಕೂರಿಗೆಯ ಬೀಜ ಇಳಿಯುವ ಎರಡು ತಾಳುಗಳ ನಡುವೆ ಹಿಡಿದ. ಅಲಗು ಒಳಗೆ ಹಿಡಿಸಲಿಲ್ಲ.

“ಬಿತ್ತಿದ್ರ ತಿಂಗಳ ಮ್ಯಾಲ ಗೊತ್ತಾಗತಿತ್ತು,” ಅಂದ ಆತ. “ಆವಾಗ ನಿಮ್ಮ ಮನಿ ಮುಂದ ಬಂದು ನಿಂತು ಬೈತಿದ್ವಿ. ಈಗ ನೀವ ನಮ್ಮ ಮನಿಗೆ ಬಂದೀರಿ. ಮೊದಲ ರೊಟ್ಟಿ ತಿನ್ರಿ.”

ನಾನು ಕೋಲು ಹಿಡಿದೆ, ಮಾವ ಉಗುರು ಜಾರಿಸಿದರು, ಗಂಡ ಡ್ರಿಲ್ಲು ತಿರುಗಿಸಿ ಹೊಸ ತೂತು ಹಾಕಿ ತಾಳುಗಳನ್ನು ಸರಿಸಿ ಬಿಗಿದ. ಹೊತ್ತು ಮುಳುಗುವ ಮೊದಲು ಐದೂ ಸರಿಯಾದವು. ಕೊನೆಯ ಬೋಲ್ಟ್ ಬಿಗಿಯಾದಾಗ ಎದೆಯ ಮೇಲಿನ ಬೀಸುಕಲ್ಲು ಇಳಿಸಿದಂತಾಯಿತು. ಮನೆಯ ಹೆಂಗಸರು ಕಾಣದ ಹಾಗೆ ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಅವರು ಕಂಡೇ ಕಂಡರು, ಚಹಾ ಕೊಟ್ಟರು.

ವಾಪಸು ಬರುವಾಗ ಟೆಂಪೋದಲ್ಲಿ ಮಾವನಿಗೆ ಹೇಳಿದೆ, “ತಪ್ಪು ನಿಮ್ಮದಂದ್ರಿ. ವಿಭೂತಿ ಹಚ್ಚಿದಾಕಿ ನಾನಲ್ಲೇನ್ರಿ?”

“ನೀ ದೇವರು ಅಂತ ಹಚ್ಚಿದಿ,” ಅಂದರು. “ನಾ, ದೇವರು ಅದಾನಲ್ಲ ಅಂತ, ಕಚ್ಚು ನೋಡದ ಅಳದೆ.”

ಮುಂದಿನ ಬಿತ್ತನೆಗೆ ತೆಲಿಗಿಯವರು ಅಷ್ಟೇ ಅಲ್ಲ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯವರೂ “ಸೋಮವಾರ ಬಂದಿದ್ದರಲ್ಲ, ಅವರ ಕೂರಿಗೆ ಬೇಕು” ಅಂತ ಹುಡುಕಿಕೊಂಡು ಬಂದರು. ಎಂಬತ್ತರ ದಶಕದಲ್ಲಿ ಮನೆಯ ಹಿಂದೆ ಒಂದು ಶೆಡ್ಡು ಎದ್ದಿತು, ಕುಂಟೆ, ಟ್ರಾಲಿ ಎಲ್ಲ ಶುರುವಾದವು. ನನ್ನ ಟೇಪು ದಾಟದೆ ಯಾವುದೂ ಗೇಟು ದಾಟುತ್ತಿರಲಿಲ್ಲ. ನನ್ನ ಬಾಯಿಗೆ ಹೆದರಿ ಗಂಡನೂ ಎರಡು ಸಲ ಅಳೆಯುತ್ತಿದ್ದ.

ಮಾವ ಇರುವ ತನಕ ಪ್ರತಿ ಮಹಾನವಮಿಗೆ ಆ ಹಳೆಯ ಕೋಲಿಗೆ ತಾವೇ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದರು. ಆಮೇಲೆ ಒಂದೊಂದೇ ಕಚ್ಚನ್ನು ಉಗುರಿನಿಂದ ಕೆರೆದು ಚೊಕ್ಕ ಮಾಡಿ ಕೋಲನ್ನು ನನ್ನ ಕೈಗೆ ಕೊಡುತ್ತಿದ್ದರು.

“ನೀನೊಮ್ಮೆ ನೋಡವ್ವಾ,” ಅನ್ನುತ್ತಿದ್ದರು.