ಸಾತವ್ವನ ಕೈ, ವೈಶಾಲಿಯ ಕಾಲುಂಗುರ

ಬೆಳಕು ಹರಿಯುವ ಹೊತ್ತು. ಜಮಖಂಡಿಯ ಒಂದು ಖಾಸಗಿ ಪ್ರಯೋಗಾಲಯದ ಒಳಕೋಣೆಯಲ್ಲಿ ಸಾತವ್ವ ಬಗ್ಗಿ ನಡೆಯುತ್ತಿದ್ದಾರೆ. ಕೈಯಲ್ಲಿರುವುದು ಪೊರಕೆಯಲ್ಲ, ಟಿಕ್ ಟಿಕ್ ಎನ್ನುವ ಮೀಟರು. ಮೇಜಿನ ಕೆಳಗೆ, ಸಿಂಕಿನ ಸುತ್ತ, ಬಾಗಿಲ ಹಿಡಿಕೆಯ ಹತ್ತಿರ ಅದನ್ನು ನಿಧಾನಕ್ಕೆ ಆಡಿಸುತ್ತಾರೆ. ಇಲ್ಲಿ ಥೈರಾಯ್ಡ್ ಪರೀಕ್ಷೆಗೆ ವಿಕಿರಣ ಸೂಸುವ ಅಯೋಡಿನ್ ಬಳಸುತ್ತಾರೆ. ಹನಿ ಲೆಕ್ಕದ್ದು ನಿಜ, ಆದರೆ ಚೆಲ್ಲಿ ಒಣಗಿದರೆ ಕಣ್ಣಿಗೆ ಕಾಣುವುದಿಲ್ಲ. ಮೀಟರು ಬಡಬಡಿಸಿದರಷ್ಟೇ ಗೊತ್ತಾಗುತ್ತದೆ. ಪತ್ರಿಕೆಯವನೆಂದು ನನಗೇನೂ ರಿಯಾಯಿತಿ ಇಲ್ಲ, ನನ್ನ ಬೂಟಿಗೂ ಚೀಲ ಹಾಕಿಸಿಯೇ ಒಳಗೆ ಬಿಟ್ಟಿದ್ದಾರೆ.

ಸಾವಳಗಿಯ ಸಾತವ್ವ ಕುರಿ ಸಾಕುವ ಮನೆತನದವರು. ಗಂಡ ಜಕ್ಕಪ್ಪ ತೀರಿಕೊಂಡ ಮೇಲೆ ನೆಲ ಒರೆಸುವ ಕೆಲಸಕ್ಕೆ ಇಲ್ಲಿ ಸೇರಿದರು. ಮೊದಲ ಸಲ ಹನಿ ಚೆಲ್ಲಿದಾಗ ಮನೆಯಲ್ಲಿ ಮಾಡುವಂತೆಯೇ ಬಕೆಟ್ ನೀರು ಸುರಿದು ಬಾಗಿಲತ್ತ ತಳ್ಳಿಬಿಟ್ಟರು. ಬೊಟ್ಟಿನಷ್ಟಿದ್ದ ಕಲೆ ಹೊಸ್ತಿಲ ತನಕ ಹರಡಿ, ಕೋಣೆಗೆ ಬೀಗ ಬಿತ್ತು. ಸುರಕ್ಷತೆ ನೋಡಿಕೊಳ್ಳುವ ಗಿರಿಮಲ್ಲಪ್ಪ ಬಯ್ಯಲಿಲ್ಲ, ಕೂರಿಸಿಕೊಂಡು ಕಲಿಸಿದರು. ಸಾತವ್ವ ಅದನ್ನು ಅರ್ಥ ಮಾಡಿಕೊಂಡದ್ದು ತಮ್ಮದೇ ರೀತಿಯಲ್ಲಿ.

“ಬೀರಪ್ಪನ ಗುಡಿಯಾಗ ಭಂಡಾರ ಹಾರಸ್ತೀವಲ್ರೀ, ಮನಿಗೆ ಬಂದ ಮ್ಯಾಲೂ ಉಗುರಾಗ, ಚಪ್ಪಲ್ಯಾಗ, ಕೂಸಿನ ಗಲ್ಲದ ಮ್ಯಾಲ ಅರಿಷಿಣ ಇರತೈತಿ. ಇದೂ ಹಂಗ. ಆದ್ರ ಇದಕ್ಕ ಬಣ್ಣ ಇಲ್ಲ.”

ಈ ತಿಳಿವಳಿಕೆ ಕೆಲಸಕ್ಕೆ ಬಂದದ್ದು ಕಳೆದ ವರ್ಷ. ತಂತ್ರಜ್ಞೆ ವೈಶಾಲಿಯ ಕೈಯಿಂದ ನಳಿಕೆ ಜಾರಿ ಪಾದದ ಮೇಲೆ ಚೆಲ್ಲಿತು. ಬೂಟು ನೆನೆದಿದೆಯೆಂದು ಆಕೆ ಅಂದು ನಿಯಮ ಮುರಿದು ಚಪ್ಪಲಿಯಲ್ಲೇ ಒಳಬಂದಿದ್ದರು. ಮನೆಯಲ್ಲಿ ಅಂಬೆಗಾಲಿಡುವ ಮಗಳು. ಆ ಪಾದದಲ್ಲೇ ಮನೆಗೆ ಹೋದರೆ ಮಗು ಹರಿದಾಡುವ ನೆಲಕ್ಕೆ ಅಂಟುತ್ತದೆ, ಅಲ್ಲಿಂದ ಬಾಯಿಗೆ. ಗಾಬರಿಯಲ್ಲಿ ನಲ್ಲಿಯತ್ತ ಓಡಹೊರಟವರನ್ನು ಸಾತವ್ವ ತಡೆದರು.

“ನಿಂತಲ್ಲೇ ನಿಂದರವಾ ತಂಗಿ. ನೀ ಓಡಿದ್ರ ಅದೂ ನಿನ್ನ ಬೆನ್ನ ಹತ್ತತೈತಿ.”

ಉಳಿದವರನ್ನು ಕೂಗಿ ಎಚ್ಚರಿಸಿ, ಗ್ಲೌಸ್ ಹಾಕಿಕೊಂಡು, ಹೀರುವ ಕಾಗದವನ್ನು ಅಂಚಿನಿಂದ ನಡುವಿಗೆ ಒತ್ತುತ್ತ ಬಂದರು. ಕಾಗದ, ಚಪ್ಪಲಿ ಎಲ್ಲ ಚೀಲ ಸೇರಿದವು. ಪಾದವನ್ನು ಉಗುರುಬೆಚ್ಚಗಿನ ನೀರು, ಸಾಬೂನಿನಿಂದ ಚರ್ಮ ಗೀರದಂತೆ ತೊಳೆದರು. ಆದರೂ ಒಂದು ಬೆರಳಿನ ಹತ್ತಿರ ಮೀಟರು ಬಡಿದುಕೊಳ್ಳುತ್ತಲೇ ಇತ್ತು. ಅಲ್ಲಿದ್ದದ್ದು ಮದುವೆಯ ಕಾಲುಂಗುರ. ಬೆಳ್ಳಿ ಅಯೋಡಿನ್ನನ್ನು ಬಿಡುವುದಿಲ್ಲ, ತೆಗೆಯಲೇಬೇಕು ಎಂದರು ಗಿರಿಮಲ್ಲಪ್ಪ.

ಮುತ್ತೈದೆಯ ಕಾಲುಂಗುರ ಬಿಚ್ಚುವುದು ನಮ್ಮ ಕಡೆ ಸಣ್ಣ ಮಾತಲ್ಲ, ಗಂಡ ಸತ್ತಾಗ ಬಿಚ್ಚಿಸುವಂಥದ್ದು ಅದು. ಹಾಗೆ ಬಿಚ್ಚಿಸಿಕೊಂಡಿದ್ದ ಸಾತವ್ವನ ಕೈಯೂ ಹಿಂಜರಿಯಿತು. ವೈಶಾಲಿಯೇ ಅಳುತ್ತ, ಮಗಳ ಹೆಸರು ಹೇಳಿ, ಕಾಲು ಮುಂದೆ ಚಾಚಿದರು. ಸಾತವ್ವ ಉಂಗುರ ಬಿಚ್ಚಿ ಬೆರಳು ತೊಳೆದ ಮೇಲೆ ಮೀಟರು ತಣ್ಣಗಾಯಿತು. ಆ ಸಂಜೆ ವೈಶಾಲಿ ಮಗಳನ್ನು ಧೈರ್ಯವಾಗಿ ಎತ್ತಿಕೊಂಡರು. ಉಂಗುರ ಮಾತ್ರ ಸೀಸದ ಡಬ್ಬಿ ಸೇರಿತು. ಈ ಅಯೋಡಿನ್ನಿನ ಕಸುವು ತಿಂಗಳುಗಟ್ಟಲೆ ಕಾದರೆ ತಾನಾಗಿಯೇ ಕುಂದುತ್ತದಂತೆ.

ನನ್ನ ಅದೃಷ್ಟ, ಇವತ್ತೇ ಆ ಡಬ್ಬಿ ತೆರೆಯುತ್ತಾರೆ. ಗಿರಿಮಲ್ಲಪ್ಪ ಮೀಟರು ಹಿಡಿದು ನೋಡಿ, ಇನ್ನು ಹಾಕಿಕೊಳ್ಳಬಹುದು ಎನ್ನುತ್ತಾರೆ. ವೈಶಾಲಿ ಉಂಗುರವನ್ನು ಸಾತವ್ವನ ಮುಂದೆಯೇ ಹಿಡಿಯುತ್ತಾರೆ.

“ಗಂಡನ್ನ ಕಳಕೊಂಡಾಕಿ ನಾ,” ಸಾತವ್ವ ಹಿಂದೆ ಸರಿಯುತ್ತಾರೆ. “ನಿಮ್ಮ ಅತ್ತಿ ಕೈಲೆ ಹಾಕಿಸ್ಕೋವಾ.”

“ತಗದ ಕೈನ ಹಾಕಬೇಕು, ಸಾತಕ್ಕ.”

ಸಾತವ್ವ ಕೈ ತೊಳೆದು ಬಂದು, ರೂಢಿಯಂತೆ ಅಂಗೈ, ಮುಂಗೈ, ಉಗುರುಗಳಿಗೆ ಮೀಟರು ಹಿಡಿಯುತ್ತಾರೆ. ಅದು ತನ್ನ ಮಾಮೂಲಿ ಟಿಕ್ ಟಿಕ್ಕಿಗಿಂತ ಹೆಚ್ಚೇನೂ ಹೇಳುವುದಿಲ್ಲ.

“ಬರಕೋರಿ,” ಎಂದು ನನಗೆ ಹೇಳಿ ನೆಲದ ಮೇಲೆ ಕೂತು, ವೈಶಾಲಿಯ ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. “ನನ್ನ ಕೈಯಾಗ ಏನೂ ದೋಷ ಇಲ್ಲ.”